ಸಣ್ಣ ಆಸ್ಪತ್ರೆಯಲ್ಲಿ ನರ್ಸ್‌ಗಳ ತರಬೇತಿ: ಮೂರೇ ತಿಂಗಳಿಗೆ ನಿಂತುಹೋಗದ ಹಾಗೆ ನಡೆಸುವ ಕ್ರಮ

ಇದು 50ರಿಂದ 100 ಹಾಸಿಗೆಯ ಆಸ್ಪತ್ರೆಗಳಿಗಾಗಿ ಬರೆದದ್ದು. ತಾಲೂಕು ಊರಿನ ಟ್ರಸ್ಟ್ ಆಸ್ಪತ್ರೆ, ಮಿಷನ್ ಆಸ್ಪತ್ರೆ, ಸರ್ಕಾರಿ ತಾಲೂಕು ಆಸ್ಪತ್ರೆ ಇಂಥವು. ಅಲ್ಲಿ ತರಬೇತಿಗೆಂದೇ ಬೇರೆ ವಿಭಾಗ ಇರುವುದಿಲ್ಲ. ನರ್ಸಿಂಗ್ ಸೂಪರಿಂಟೆಂಡೆಂಟ್ ಅಥವಾ ಒಬ್ಬ ಹಿರಿಯ ಇನ್‌ಚಾರ್ಜ್ ಸಿಸ್ಟರ್ ಹೆಗಲಿಗೆ ಈ ಕೆಲಸ ಬೀಳುತ್ತದೆ.

ನನ್ನ ಹತ್ತಿರ ಬಂದು ಕೇಳುವವರು ಹೇಳುವ ಕಥೆ ಹೆಚ್ಚುಕಡಿಮೆ ಒಂದೇ. ಜನವರಿಯಲ್ಲಿ ಹುರುಪಿನಿಂದ ಶುರುವಾಗುತ್ತದೆ. ಡಾಕ್ಟರ್ ಒಬ್ಬರು ಬಂದು ಒಂದು ಗಂಟೆ ಸ್ಲೈಡ್ ತೋರಿಸುತ್ತಾರೆ. ಮೊದಲ ವಾರ ಕೋಣೆ ತುಂಬಿರುತ್ತದೆ, ಮೂರನೇ ವಾರ ಅರ್ಧ ಖಾಲಿ. ಏಪ್ರಿಲ್ ಹೊತ್ತಿಗೆ ರಿಜಿಸ್ಟರ್‌ನಲ್ಲಿ ಸಹಿ ಮಾತ್ರ ಉಳಿದಿರುತ್ತದೆ. "ನಮ್ಮ ಹುಡುಗಿಯರಿಗೆ ಆಸಕ್ತಿ ಇಲ್ಲ ಮೇಡಂ" ಅನ್ನುತ್ತಾರೆ.

ಆಸಕ್ತಿ ಇಲ್ಲದ ನರ್ಸ್‌ಗಳು ನನಗೆ ಸಿಕ್ಕಿದ್ದು ತುಂಬಾ ಕಡಿಮೆ. ಕ್ರಮ ತಪ್ಪಿದ್ದನ್ನು ಮಾತ್ರ ಎಷ್ಟೋ ಕಡೆ ನೋಡಿದ್ದೇನೆ. ಎಲ್ಲರೂ ಮೊದಲು ವಿಷಯ ಆರಿಸುತ್ತಾರೆ, ಆಮೇಲೆ ಹೇಳಿಕೊಡುವವರನ್ನು ಹುಡುಕುತ್ತಾರೆ, ಕೊನೆಗೆ ಸಮಯ ಯಾವಾಗ ಎಂದು ಯೋಚಿಸುತ್ತಾರೆ. ಅಷ್ಟರಲ್ಲಿ ಸಮಯ ಖಾಲಿಯಾಗಿರುತ್ತದೆ. ಇಲ್ಲಿ ಅದನ್ನು ತಿರುಗಿಸಿ ಹೇಳಿದ್ದೇನೆ. ಮೊದಲು ಸಮಯ, ಆಮೇಲೆ ವಾರ್ಡ್, ಅದಾದ ಮೇಲೆ ಪಾಠ.

ಶುರು ಮಾಡುವ ಮೊದಲು ಕೈಯಲ್ಲಿ ಏನೇನಿರಬೇಕು

ದೊಡ್ಡ ಹಾಲ್, ಪ್ರೊಜೆಕ್ಟರ್ ಯಾವುದೂ ಬೇಡ. ಒಂದು ಬೀಗ ಇರುವ ಕಪಾಟು, ಒಂದು ಮೇಜು, ವೈಟ್‌ಬೋರ್ಡ್, ಸೆಕೆಂಡು ಮುಳ್ಳಿರುವ ಗೋಡೆ ಗಡಿಯಾರ ಸಾಕು. ಕಪಾಟಿನಲ್ಲಿ ಅವಧಿ ಮುಗಿದ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ನಳಿಕೆ), ಸಿರಿಂಜು, ಡ್ರಿಪ್ ಸೆಟ್, ಖಾಲಿ ಆಂಪೂಲ್ (ಕತ್ತು ಮುರಿದು ತೆರೆಯುವ ಔಷಧಿ ಸೀಸೆ), ಖಾಲಿ ಇನ್ಸುಲಿನ್ ವಯಲ್ (ರಬ್ಬರ್ ಮುಚ್ಚಳದ ಸೀಸೆ) ಸೇರಿಸುತ್ತಾ ಹೋಗಿ. ಎಲ್ಲದರ ಮೇಲೂ ಕೆಂಪು ಮಾರ್ಕರ್‌ನಲ್ಲಿ "ಕಲಿಕೆಗೆ ಮಾತ್ರ" ಎಂದು ಬರೆಯಿರಿ. ಇದನ್ನು ಮರೆಯಬೇಡಿ. ಅವಧಿ ಮುಗಿದ ಒಂದು ಸೆಟ್ ಗೊತ್ತಿಲ್ಲದೆ ವಾರ್ಡಿನ ಟ್ರೇಗೆ ಹೋದರೆ ನೀವು ಕಲಿಸಲು ಹೊರಟದ್ದೇ ಅಪಾಯ ತಂದಂತಾಗುತ್ತದೆ.

ಹಸುಗೂಸಿನ ಒಂದು ಡಮ್ಮಿ ಮತ್ತು ಎದೆ ಒತ್ತಿ ಅಭ್ಯಾಸ ಮಾಡುವ ಒಂದು ಡಮ್ಮಿ ಬೇಕೇಬೇಕು. ಕೊಳ್ಳಲು ದುಡ್ಡಿಲ್ಲದಿದ್ದರೆ ಹತ್ತಿರದ ನರ್ಸಿಂಗ್ ಕಾಲೇಜಿನಲ್ಲಿ ತಿಂಗಳಿಗೆ ಎರಡು ದಿನ ಎರವಲು ಕೇಳಿ. ನಿಮ್ಮ ಆಸ್ಪತ್ರೆಗೆ ವಿದ್ಯಾರ್ಥಿಗಳನ್ನು ಪೋಸ್ಟಿಂಗ್‌ಗೆ ಕಳಿಸುವ ಕಾಲೇಜಾದರೆ ಸಾಮಾನ್ಯವಾಗಿ ಕೊಡುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಒಬ್ಬ ಮನುಷ್ಯ. ಈ ಕೆಲಸ ಯಾರದ್ದು ಎಂದು ಹೆಸರು ಬರೆದಿರಬೇಕು. ವಾರಕ್ಕೆ ಕನಿಷ್ಠ 6 ಗಂಟೆ ಅವರಿಗೆ ರೋಗಿಗಳ ಜವಾಬ್ದಾರಿ ಇರಬಾರದು. ಈ 6 ಗಂಟೆ ಕೊಡಲು ಆಡಳಿತದವರು ಒಪ್ಪದಿದ್ದರೆ ಶುರು ಮಾಡಬೇಡಿ. ಒಪ್ಪಿಸುವ ತನಕ ಅದೇ ನಿಮ್ಮ ಕೆಲಸ.

ಹಂತ 1: ಸಮಯವನ್ನು ಡ್ಯೂಟಿ ಲಿಸ್ಟ್‌ನಲ್ಲೇ ಬರೆಯಿರಿ

ಬಹಳ ಕಡೆ ಬೆಳಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಬೆಳಗ್ಗೆ 8 ಎಂದು ಮೂರು ಪಾಳಿ. ಕ್ಲಾಸ್ ಇಡುವವರು ಸಾಮಾನ್ಯವಾಗಿ ಮಧ್ಯಾಹ್ನ 2ರ ನಂತರ ಇಡುತ್ತಾರೆ. ಬೆಳಗಿನ ಪಾಳಿಯವರು ಹಸಿದಿರುತ್ತಾರೆ, ಬಸ್ ತಪ್ಪುತ್ತದೆ, ಮನೆಯಲ್ಲಿ ಮಗು ಶಾಲೆಯಿಂದ ಬರುವ ಹೊತ್ತು. ಅವರು ಕೂತಿದ್ದರೂ ಕೇಳಿಸಿಕೊಳ್ಳುವುದಿಲ್ಲ.

ನಾವು ಹಲವು ಬಾರಿ ಬದಲಾಯಿಸಿ ಕೊನೆಗೆ ನಿಂತದ್ದು ಹೀಗೆ. ಪಾಳಿಗೆ ಬರುವವರಿಗೆ ಕಲಿಸಿ, ಹೋಗುವವರಿಗೆ ಬೇಡ. ಮಧ್ಯಾಹ್ನದ ಪಾಳಿಯವರು ತಮ್ಮ ಕಲಿಕೆಯ ದಿನ 1:30ಕ್ಕೆ ಬರುತ್ತಾರೆ. 1:30ರಿಂದ 1:50 ಪಾಠ. ಆ ಹೊತ್ತಿಗೆ ವಾರ್ಡಿನಲ್ಲಿ ಬೆಳಗಿನವರು ಇದ್ದೇ ಇರುತ್ತಾರೆ, ಹಾಗಾಗಿ ರೋಗಿಗಳನ್ನು ಯಾರು ನೋಡಿಕೊಳ್ಳುವುದು ಎಂಬ ಪ್ರಶ್ನೆಯೇ ಬರುವುದಿಲ್ಲ. ಪಾಠ ಮುಗಿಸಿ ನೇರ ಹ್ಯಾಂಡೋವರ್‌ಗೆ, ಅಂದರೆ ಹಿಂದಿನ ಪಾಳಿಯವರಿಂದ ರೋಗಿಗಳನ್ನು ವಹಿಸಿಕೊಳ್ಳಲು ಹೋಗುತ್ತಾರೆ.

ಒಂದೇ ಪಾಠವನ್ನು ಮಂಗಳವಾರ, ಗುರುವಾರ, ಶನಿವಾರ ಮಾಡಿ. ಎರಡು ವಾರ ಅದನ್ನೇ ಮಾಡಿ. ಪಾಳಿ ತಿರುಗುವುದರಿಂದ ಹೆಚ್ಚಿನವರು ಅಷ್ಟರಲ್ಲಿ ಒಮ್ಮೆ ಬಂದೇ ಬರುತ್ತಾರೆ. ಕಲಿಸುವವರಿಗೆ ಬೇಜಾರಾಗುತ್ತದೆ, ನಿಜ. ಆದರೆ ಆರನೇ ಬಾರಿ ಹೇಳುವಾಗ ಪಾಠ ಎಷ್ಟು ಚೆನ್ನಾಗಿ ಬರುತ್ತದೆ ನೋಡಿ.

ರಾತ್ರಿ ಪಾಳಿಯವರನ್ನು ಎಲ್ಲರೂ ಮರೆಯುತ್ತಾರೆ. ಅವರಿಗೆ ಬೆಳಗ್ಗೆ 8ಕ್ಕೆ ಕ್ಲಾಸ್ ಇಡುವುದು ಅನ್ಯಾಯ. ಹನ್ನೆರಡು ಗಂಟೆ ನಿದ್ದೆಗೆಟ್ಟವರ ತಲೆಗೆ ಏನೂ ಹೋಗುವುದಿಲ್ಲ. ರಾತ್ರಿ 7:30ಕ್ಕೆ ವಾರ್ಡಿಗೇ ಹೋಗಿ ಕಲಿಸಿ. ಎರಡು ವಾರಕ್ಕೆ ಎರಡು ಸಂಜೆ ಸಾಕು. ಡಾಕ್ಟರ್ ಹತ್ತಿರ ಇಲ್ಲದ ಹೊತ್ತಿನಲ್ಲಿ ರೋಗಿಯನ್ನು ಕಾಯುವವರು ಇವರೇ ಅಲ್ವಾ? ನನ್ನ ಪ್ರಕಾರ ಮೊದಲ ಹಕ್ಕು ಇವರದ್ದು.

ಬೇಗ ಬಂದ ಅರ್ಧ ಗಂಟೆಯನ್ನು ಲೆಕ್ಕ ಇಡಿ. ಹನ್ನೆರಡು ಅರ್ಧ ಗಂಟೆಗೆ ಒಂದು ಪಾಳಿ ರಜೆ. ಇದನ್ನು ಬಾಯಿಮಾತಿನಲ್ಲಿ ಹೇಳಬೇಡಿ, ಆಡಳಿತದವರ ಸಹಿಯೊಂದಿಗೆ ಬರೆಸಿ ನೋಟಿಸ್ ಬೋರ್ಡಿಗೆ ಹಾಕಿ.

ಎಚ್ಚರಿಕೆಯ ಗುರುತು: ವಾರದ ರಜೆಯಲ್ಲಿ ಇರುವವರನ್ನು "ಸುಮ್ನೆ ಅರ್ಧ ಗಂಟೆ ಬಂದು ಹೋಗಿ" ಎಂದು ಕರೆಯಲು ಶುರು ಮಾಡಿದ್ದೀರಾ? ಅಲ್ಲಿಂದಲೇ ಕಾರ್ಯಕ್ರಮ ಕುಸಿಯುತ್ತದೆ. ಒಂದು ವಾರ ಪಾಠ ತಪ್ಪಿದರೂ ಪರವಾಗಿಲ್ಲ, ರಜೆಯನ್ನು ಮುಟ್ಟಬೇಡಿ.

ಹಂತ 2: ವಿಷಯವನ್ನು ವಾರ್ಡಿನಲ್ಲಿ ಹುಡುಕಿ

ಪುಸ್ತಕದ ಪರಿವಿಡಿ ನೋಡಿ ವಿಷಯ ಆರಿಸಬೇಡಿ. ಮೊದಲು ಎರಡು ಬೆಳಗ್ಗೆ ಮತ್ತು ಒಂದು ರಾತ್ರಿ ಸುಮ್ಮನೆ ವಾರ್ಡಿನಲ್ಲಿ ನಿಂತು ನೋಡಿ. ಯಾರನ್ನೂ ತಿದ್ದಬೇಡಿ. ಉಸಿರಿನ ಎಣಿಕೆಯನ್ನು ನಿಜವಾಗಿ ಎಣಿಸುತ್ತಾರಾ, ಅಥವಾ ಎಲ್ಲ ಕೇಸ್ ಶೀಟಿನಲ್ಲೂ 20 ಎಂದೇ ಇದೆಯಾ? ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ತಿರ ಹೋಗುವಾಗ ಕೈ ಉಜ್ಜುತ್ತಾರಾ? ಡ್ರಿಪ್‌ನ ಹನಿ ಎಣಿಸುತ್ತಾರಾ, ಕಣ್ಣಂದಾಜಿನಲ್ಲಿ ಬಿಡುತ್ತಾರಾ?

ಆಮೇಲೆ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಒಂದೇ ಪ್ರಶ್ನೆ ಕೇಳಿ: "ಯಾವ ಕೆಲಸ ಮಾಡುವಾಗ ನಿಮಗೆ ಒಳಗೊಳಗೇ ಭಯ ಆಗುತ್ತದೆ?" ಗುಂಪಿನಲ್ಲಿ ಕೇಳಿದರೆ ಎಲ್ಲರೂ "ಏನೂ ಇಲ್ಲ ಮೇಡಂ" ಅನ್ನುತ್ತಾರೆ. ಒಬ್ಬೊಬ್ಬರೇ ಇದ್ದಾಗ ಹೇಳುತ್ತಾರೆ. ಹತ್ತು ವರ್ಷ ಅನುಭವ ಇರುವ ಸಿಸ್ಟರ್ ಒಬ್ಬರು ನನಗೆ, "ಅಳದೆ ಹುಟ್ಟಿದ ಮಗು ಕೈಗೆ ಬಂದರೆ ನನಗೆ ಇವತ್ತಿಗೂ ಕೈ ನಡುಗುತ್ತದೆ" ಎಂದಿದ್ದರು. ಆ ಮಾತು ಯಾವ ಪರೀಕ್ಷೆಯಿಂದಲೂ ಹೊರಬರುತ್ತಿರಲಿಲ್ಲ.

ಮೂರನೆಯದು ತಪ್ಪುಗಳ ರಿಜಿಸ್ಟರ್. ಔಷಧಿ ತಪ್ಪಿದ್ದು, ರೋಗಿ ಬಿದ್ದದ್ದು, ಸೂಜಿ ಚುಚ್ಚಿಕೊಂಡದ್ದು ಎಲ್ಲ ಅಲ್ಲಿರಬೇಕು. ಹೆಚ್ಚಿನ ಕಡೆ ಅದು ಖಾಲಿ ಇರುತ್ತದೆ. ಖಾಲಿ ಇದ್ದರೆ ತಪ್ಪೇ ಆಗಿಲ್ಲ ಎಂದುಕೊಳ್ಳಬೇಡಿ, ಬರೆಯಲು ಹೆದರುತ್ತಿದ್ದಾರೆ.

ನಾನು ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ನಡೆದದ್ದು ಹೇಳುತ್ತೇನೆ. 12 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ಸಿಸ್ಟರ್ ಮಿಲಿಗೆ 100 ಯೂನಿಟ್ ಇರುವ ವಯಲ್‌ನಿಂದ, ಮಿಲಿಗೆ 40 ಯೂನಿಟ್‌ನ ಇನ್ಸುಲಿನ್‌ಗೆಂದು ಗೆರೆ ಹಾಕಿದ ಸಿರಿಂಜಿನಲ್ಲಿ 12ರ ಗೆರೆಯವರೆಗೆ ಎಳೆದರು. ರೋಗಿಗೆ ಹೋದದ್ದು 30 ಯೂನಿಟ್. ಸ್ವಲ್ಪ ಹೊತ್ತಿಗೆ ಆ ಅಜ್ಜಿ ಬೆವೆತು ತೊದಲತೊಡಗಿದರು. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಗಮನಿಸಿ ಶುಗರ್ ನೋಡಿದಳು, ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಕೊಟ್ಟರು, ಅಜ್ಜಿ ಉಳಿದರು. ಮರುದಿನ ಆ ಸಿಸ್ಟರ್‌ಗೆ ಮೆಮೊ ಬಂತು. ಎರಡು ಬಗೆಯ ವಯಲ್, ಎರಡು ಬಗೆಯ ಸಿರಿಂಜು ಒಂದೇ ಟ್ರೇನಲ್ಲಿ ಏಕಿತ್ತು ಎಂದು ಯಾರೂ ಕೇಳಲಿಲ್ಲ. ಅದಾದ ಮೇಲೆ ಒಂದು ವರ್ಷ ಆ ರಿಜಿಸ್ಟರ್‌ನಲ್ಲಿ ಒಂದು ಸಾಲೂ ಬರಲಿಲ್ಲ. ಇದನ್ನು ನೆನೆದರೆ ನನಗೆ ಇನ್ನೂ ನೋವಾಗುತ್ತದೆ.

ಆದ್ದರಿಂದ ಪಾಠಕ್ಕೂ ಮೊದಲು ಆಡಳಿತದವರಿಂದ ಒಂದು ಮಾತು ಪಡೆಯಿರಿ: ತಾವಾಗಿ ಬರೆದವರಿಗೆ ಮೆಮೊ ಇಲ್ಲ. ರಿಜಿಸ್ಟರ್‌ನಲ್ಲಿ ಹೆಸರು ಬರೆಯುವ ಜಾಗವನ್ನೇ ತೆಗೆದುಹಾಕಿ. ಏನಾಯಿತು, ಯಾವ ಹೊತ್ತಿಗೆ, ಆಗ ವಾರ್ಡಿನಲ್ಲಿ ಎಷ್ಟು ಜನ ಇದ್ದರು ಎಂಬುದು ಸಾಕು.

ಈ ಮೂರರಿಂದ 20, 25 ವಿಷಯ ಸಿಗುತ್ತವೆ. ಅದರಲ್ಲಿ ಆರು ಆರಿಸಿ. ತಿಂಗಳಿಗೆ ಒಂದರಂತೆ ಆರು ತಿಂಗಳು. ಮೊದಲ ಎರಡು ವಾರ ಪಾಠ, ಮೂರನೇ ವಾರ ಅವರವರೇ ಅಭ್ಯಾಸ, ನಾಲ್ಕನೇ ವಾರ ನೀವು ನೋಡುವುದು. ಆರಕ್ಕಿಂತ ಜಾಸ್ತಿ ಹಾಕಿಕೊಂಡವರು ಯಾವುದನ್ನೂ ಮುಗಿಸಿದ್ದನ್ನು ನಾನು ನೋಡಿಲ್ಲ. ತಪ್ಪಾದರೆ ಜೀವಕ್ಕೇ ಅಪಾಯ ಇರುವಂಥದ್ದು ಮೊದಲು ಬರಲಿ.

ಹಂತ 3: ಒಂದು ಕೌಶಲ, ಒಂದು ಪುಟ

ಪ್ರತಿ ವಿಷಯಕ್ಕೂ ಒಂದು ಪುಟದ ಚೆಕ್‌ಲಿಸ್ಟ್ ಬರೆಯಿರಿ. 8ರಿಂದ 12 ಸಾಲು. ಪ್ರತಿ ಸಾಲೂ ಕಣ್ಣಿಗೆ ಕಾಣುವ ಕೆಲಸವಾಗಿರಬೇಕು. "ಜಾಗ್ರತೆ ವಹಿಸಿದರು" ಎಂಬುದು ಕಾಣುವುದಿಲ್ಲ. "ಆಂಪೂಲ್‌ನ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿದರು" ಎಂಬುದು ಕಾಣುತ್ತದೆ.

ಮೂರು ಉದಾಹರಣೆ ಕೊಡುತ್ತೇನೆ. ಪ್ರಮಾಣಗಳನ್ನು ನಿಮ್ಮ ಡಾಕ್ಟರ್ ಸಹಿ ಮಾಡಿದ ಪ್ರೋಟೋಕಾಲ್ ಜೊತೆ ಹೋಲಿಸಿಕೊಂಡೇ ಬಳಸಿ.

*ಇನ್ಸುಲಿನ್.* ಇಲ್ಲಿ ಎರಡು ಶಕ್ತಿಯ ವಯಲ್ ಸಿಗುತ್ತವೆ, ಒಂದು ಮಿಲಿಯಲ್ಲಿ 40 ಯೂನಿಟ್ ಮತ್ತು 100 ಯೂನಿಟ್. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಹೋಗುವುದು 25 ಯೂನಿಟ್. 40ರದ್ದನ್ನು ಕಿತ್ತಳೆ ಮುಚ್ಚಳದಲ್ಲಿ 10ಕ್ಕೆ ಎಳೆದರೆ ಬರೀ 4. ಇದನ್ನು ಬೋರ್ಡಿನಲ್ಲಿ ಬರೆದರೆ ಮರೆತುಹೋಗುತ್ತದೆ. ಖಾಲಿ ವಯಲ್‌ಗಳಿಗೆ ನೀರು ತುಂಬಿಸಿ, ಎರಡೂ ಸಿರಿಂಜು ಕೊಟ್ಟು, ಅವರ ಕೈಯಲ್ಲೇ ಎಳೆಸಿ, ಪಕ್ಕಪಕ್ಕ ಹಿಡಿದು ನೋಡಿಸಿ. ಒಂದೇ ಗೆರೆ, ಬೇರೆ ಬೇರೆ ನೀರು. ಆ ಕ್ಷಣ ಅವರ ಮುಖ ನೋಡಬೇಕು ನೀವು. ಪಾಠದ ಜೊತೆಗೆ ವಾರ್ಡಿನ ಟ್ರೇ ಕೂಡ ಬದಲಾಗಬೇಕು. ಎರಡು ಬಗೆಯನ್ನು ಎರಡು ಡಬ್ಬಿಯಲ್ಲಿ, ಆಯಾ ಸಿರಿಂಜಿನ ಜೊತೆಗೇ ಇಡಿ.

*ಮೆಗ್ನೀಷಿಯಂ ಸಲ್ಫೇಟ್.* ಗರ್ಭಿಣಿಗೆ ಬಿಪಿ ಏರಿ ಫಿಟ್ಸ್ ಬಂದಾಗ ಜೀವ ಉಳಿಸುವ ಔಷಧಿ. ಕೈ ನಡುಗುವ ಹೊತ್ತಿನಲ್ಲಿ ಲೆಕ್ಕ ಹಾಕಬೇಕಾದ ಔಷಧಿಯೂ ಹೌದು. 50 ಪರ್ಸೆಂಟ್‌ನ 2 ಮಿಲಿ ಆಂಪೂಲ್‌ನಲ್ಲಿ 1 ಗ್ರಾಂ ಇರುತ್ತದೆ. ರೂಢಿಯಲ್ಲಿರುವ ಮೊದಲ ಡೋಸ್ 14 ಗ್ರಾಂ. ಅದರಲ್ಲಿ 4 ಗ್ರಾಂ ರಕ್ತನಾಳಕ್ಕೆ: 4 ಆಂಪೂಲ್ ಎಂದರೆ 8 ಮಿಲಿ, ಅದಕ್ಕೆ 12 ಮಿಲಿ ನಾರ್ಮಲ್ ಸಲೈನ್ ಸೇರಿಸಿ 20 ಮಿಲಿ ಮಾಡಿ, 5 ನಿಮಿಷಕ್ಕೆ ಕಡಿಮೆ ಆಗದಂತೆ ನಿಧಾನವಾಗಿ. ಉಳಿದ 10 ಗ್ರಾಂ ಎರಡೂ ಪೃಷ್ಠಕ್ಕೆ 5 ಗ್ರಾಂನಂತೆ, ಅಂದರೆ 5 ಆಂಪೂಲ್, 10 ಮಿಲಿ ಒಂದೊಂದು ಕಡೆ, ಆಳವಾಗಿ.

ಚೆಕ್‌ಲಿಸ್ಟ್‌ನ ಮೊದಲ ಸಾಲೇ ಆಂಪೂಲ್‌ನ ಶಕ್ತಿ ಓದುವುದಾಗಿರಲಿ. ಬೇರೆ ಶಕ್ತಿಯ ಆಂಪೂಲ್ ಸ್ಟೋರಿಗೆ ಬಂದ ದಿನ ಮೇಲಿನ ಲೆಕ್ಕವೆಲ್ಲ ತಪ್ಪುತ್ತದೆ. ಮುಂದಿನ ಡೋಸ್‌ಗಳಿಗೆ ಮೊದಲು ಮೂರು ನೋಡಲೇಬೇಕು: ಮೊಣಕಾಲಿನ ಜರ್ಕ್ (ತಟ್ಟಿದರೆ ಕಾಲು ಜಿಗಿಯುವುದು) ಇದೆಯಾ, ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆ ಇಲ್ಲ ತಾನೆ, ಮೂತ್ರ ಗಂಟೆಗೆ 30 ಮಿಲಿಯಾದರೂ ಬರುತ್ತಿದೆಯಾ. ಯಾವುದಾದರೂ ಒಂದು ಸರಿ ಇಲ್ಲದಿದ್ದರೆ ಡೋಸ್ ನಿಲ್ಲಿಸಿ ಡಾಕ್ಟರ್‌ಗೆ ಹೇಳಬೇಕು. ಮೆಗ್ನೀಷಿಯಂ ಹೆಚ್ಚಾದರೆ ಕೊಡುವ ಪ್ರತಿಮದ್ದು, 10 ಪರ್ಸೆಂಟ್ ಕ್ಯಾಲ್ಸಿಯಂ ಗ್ಲೂಕೋನೇಟ್ 10 ಮಿಲಿ, ಅದೇ ಟ್ರೇನಲ್ಲಿ ಸದಾ ಇರಬೇಕು. ಪಾಠದ ದಿನ ಲೇಬರ್ ರೂಮಿನ (ಹೆರಿಗೆ ಕೋಣೆಯ) ಟ್ರೇಯನ್ನೇ ತಂದು ತೆರೆಸಿ. ಕ್ಯಾಲ್ಸಿಯಂ ಇಲ್ಲ ಎಂದು ಅಲ್ಲೇ ಗೊತ್ತಾಗುವುದು ಎಷ್ಟೋ ಕಡೆ ನಡೆದಿದೆ.

*ಅಳದ ಮಗು.* ಹುಟ್ಟಿದ ಒಂದು ನಿಮಿಷದೊಳಗೆ ಉಸಿರು ಕೊಡಲು ಶುರು ಮಾಡಿರಬೇಕು. ಅಭ್ಯಾಸಕ್ಕೆ ಗಡಿಯಾರ ಇಟ್ಟುಕೊಳ್ಳಿ. ಒರೆಸುವುದು, ಬೆಚ್ಚಗೆ ಮಾಡುವುದು, ತಲೆಯ ಸ್ಥಾನ ಸರಿಪಡಿಸುವುದು, ಬೇಕಾದರೆ ಬಾಯಿ ಮೂಗು ಶುಚಿ, ಬೆನ್ನು ಸವರಿ ಎಚ್ಚರಿಸುವುದು, ಆಮೇಲೆ ಬ್ಯಾಗ್ ಮತ್ತು ಮಾಸ್ಕ್, ಅಂದರೆ ಮುಖಕ್ಕೆ ಮಾಸ್ಕ್ ಕೂರಿಸಿ ಬ್ಯಾಗ್ ಒತ್ತಿ ಗಾಳಿ ಕೊಡುವುದು. ನಿಮಿಷಕ್ಕೆ 40ರಿಂದ 60 ಬಾರಿ. ಎಲ್ಲರೂ ವೇಗದ ಕಡೆ ಗಮನ ಕೊಡುತ್ತಾರೆ. ನಿಜವಾದ ತೊಂದರೆ ಮಾಸ್ಕ್ ಕೂರದಿರುವುದು. ಎದೆ ಏಳುತ್ತಿದೆಯಾ ಎಂಬುದನ್ನು ಮಾತ್ರ ನೋಡಿ, ಏಳದಿದ್ದರೆ ಎಣಿಕೆಗೆ ಅರ್ಥವಿಲ್ಲ.

ಡ್ರಿಪ್ ಲೆಕ್ಕಕ್ಕೆ ಇಷ್ಟು ಹೇಳುವೆ. 500 ಮಿಲಿ ಬಾಟ್ಲಿ 4 ಗಂಟೆಯಲ್ಲಿ ಹೋಗಬೇಕೆಂದರೆ, ಮಿಲಿಗೆ 20 ಹನಿಯ ಸೆಟ್‌ನಲ್ಲಿ ನಿಮಿಷಕ್ಕೆ 42, 15 ಹನಿಯ ಸೆಟ್‌ನಲ್ಲಿ 31. ಸೆಟ್‌ನ ಕವರ್ ಮೇಲೆ ಬರೆದಿರುತ್ತದೆ, ಕವರ್ ಎಸೆಯುವ ಮೊದಲು ಓದಿಸಿ. ಒಂದು ಪಟ್ಟಿ ಮಾಡಿ ಔಷಧಿ ಟ್ರಾಲಿಗೆ ಅಂಟಿಸಿ.

ಸರ್ಕಾರಿ ಆಸ್ಪತ್ರೆಯವರಿಗೆ ಒಂದು ಅನುಕೂಲ ಇದೆ. ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲು ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ ಲಕ್ಷ್ಯ ಕಾರ್ಯಕ್ರಮದಲ್ಲಿ ಲೇಬರ್ ರೂಮಿಗೆ ಬೇಕಾದ ಚೆಕ್‌ಲಿಸ್ಟ್‌ಗಳು ತಯಾರಾಗಿಯೇ ಇವೆ. ಹೊಸದಾಗಿ ಬರೆಯುತ್ತಾ ಕೂರಬೇಡಿ.

ಹಂತ 4: ಇಪ್ಪತ್ತು ನಿಮಿಷದ ಪಾಠ

ಇದಕ್ಕೆ ನಾಲ್ಕು ಹೆಜ್ಜೆ. ಮೊದಲು ನೀವು ಮಾತಾಡದೆ, ನಿಜವಾದ ವೇಗದಲ್ಲಿ ಮಾಡಿ ತೋರಿಸಿ. ಎರಡನೇ ಬಾರಿ ಪ್ರತಿ ಹೆಜ್ಜೆಯನ್ನೂ ಏಕೆ ಎಂದು ಹೇಳುತ್ತಾ ಮಾಡಿ. ಮೂರನೇ ಬಾರಿ ಅವರು ಹೇಳಬೇಕು, ನೀವು ಅವರು ಹೇಳಿದಷ್ಟೇ ಮಾಡಬೇಕು. ಒಂದು ಹೆಜ್ಜೆ ಬಿಟ್ಟರೆ ನಿಮ್ಮ ಕೈ ನಿಲ್ಲಬೇಕು. ನಾಲ್ಕನೇ ಬಾರಿ ಅವರು ಹೇಳುತ್ತಾ ಅವರೇ ಮಾಡಬೇಕು.

ಮೂರನೇ ಹೆಜ್ಜೆಯನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಸಮಯ ಇಲ್ಲ ಅನ್ನುತ್ತಾರೆ. ಅದನ್ನು ಬಿಟ್ಟರೆ ಯಾರಿಗೆ ಎಲ್ಲಿ ಗೊಂದಲ ಇದೆ ಎಂದು ನಿಮಗೆ ಗೊತ್ತೇ ಆಗುವುದಿಲ್ಲ. ಸಮಯ ಸಾಲದಿದ್ದರೆ ವಿಷಯವನ್ನು ಚಿಕ್ಕದು ಮಾಡಿ.

ಒಂದು ಸಲಕ್ಕೆ ಆರು ಜನಕ್ಕಿಂತ ಹೆಚ್ಚು ಬೇಡ. ಪ್ರತಿಯೊಬ್ಬರ ಕೈಯೂ ವಸ್ತುವನ್ನು ಮುಟ್ಟಿರಬೇಕು.

ಭಾಷೆಯ ವಿಷಯ ಯಾರೂ ಮಾತಾಡುವುದಿಲ್ಲ. ನಿಮ್ಮಲ್ಲಿ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದವರು ಇರಬಹುದು. ಹಳ್ಳಿಯಿಂದ ಬಂದು ಕನ್ನಡದಲ್ಲೇ ಓದಿ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ) ಮಾಡಿದವರೂ ಇರುತ್ತಾರೆ. ಇಂಗ್ಲಿಷ್ ಸ್ಲೈಡ್ ಮುಂದೆ ಎರಡನೆಯವರು ಬಾಯಿ ತೆರೆಯುವುದಿಲ್ಲ, ಕನ್ನಡದ ಮಾತಿನ ಮುಂದೆ ಮೊದಲಿನವರು. ಔಷಧಿಯ ಹೆಸರು, ಪ್ರಮಾಣ ಇಂಗ್ಲಿಷ್‌ನಲ್ಲೇ ಇರಲಿ, ಕೇಸ್ ಶೀಟಿನಲ್ಲಿ ಹಾಗೇ ಬರೆಯಬೇಕು. ವಿವರಣೆ ಮಾತ್ರ ಅವರಿಗೆ ಬರುವ ಭಾಷೆಯಲ್ಲಿ. ಜೋಡಿ ಮಾಡಿ ಕೂರಿಸಿ, ಒಬ್ಬರು ಇನ್ನೊಬ್ಬರಿಗೆ ಹೇಳಿಕೊಡುತ್ತಾರೆ.

ಎಲ್ಲರ ಮುಂದೆ ಬೈಯಬೇಡಿ. ಹಿರಿಯ ಸಿಸ್ಟರ್ ಒಬ್ಬರು ತಪ್ಪು ಮಾಡಿದರೆ ಅಲ್ಲೇ ತೋರಿಸದೆ, ಪಾಠ ಮುಗಿದ ಮೇಲೆ ಪಕ್ಕಕ್ಕೆ ಕರೆದು ಹೇಳಿ. ಮುಂದಿನ ಸಲ ಅದೇ ಪಾಠವನ್ನು ಅವರಿಂದಲೇ ಮಾಡಿಸಿ. ಕಲಿಸಬೇಕು ಎಂದಾಗ ಅವರು ಮನೆಯಲ್ಲಿ ಓದಿಕೊಂಡು ಬರುತ್ತಾರೆ.

ಹಂತ 5: ಬೆಡ್ ಹತ್ತಿರ ನಿಂತು ನೋಡಿ

ಕಲಿತದ್ದು ಗೊತ್ತಾಗುವುದು ವಾರ್ಡಿನಲ್ಲಿ. ನಾಲ್ಕನೇ ವಾರ ಅದೇ ಚೆಕ್‌ಲಿಸ್ಟ್ ಹಿಡಿದು ಒಬ್ಬೊಬ್ಬರನ್ನೂ ಒಮ್ಮೆಯಾದರೂ ನೋಡಿ. ಬರವಣಿಗೆ ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ತೆಗೆದವರು ಡ್ರಿಪ್ ಹನಿ ಎಣಿಸದೆ ಹೋಗುವುದನ್ನು ನೋಡಿದ್ದೇನೆ.

ನೋಡುವಾಗ ರೋಗಿಗೆ ಅಪಾಯ ಆಗುವಂತಿದ್ದರೆ ತಕ್ಷಣ ತಡೆಯಿರಿ. ಉಳಿದದ್ದನ್ನು ಕೆಲಸ ಮುಗಿದ ಮೇಲೆ ಹೇಳಿ, ರೋಗಿಯ ಕಡೆಯವರ ಮುಂದೆ ಬೇಡ. ಮೊದಲು "ನಿಮಗೆ ಹೇಗನಿಸಿತು?" ಎಂದು ಕೇಳಿ. ಅರ್ಧ ತಪ್ಪನ್ನು ಅವರೇ ಹೇಳುತ್ತಾರೆ.

ಒಂದೇ ಹೆಜ್ಜೆಯನ್ನು ಬಹಳ ಜನ ಬಿಡುತ್ತಿದ್ದರೆ ಮತ್ತೆ ಪಾಠ ಮಾಡಲು ಹೋಗಬೇಡಿ. ಆ ಹೆಜ್ಜೆಗೆ ಏನು ಅಡ್ಡ ಇದೆ ನೋಡಿ. ನಮ್ಮಲ್ಲಿ ಕೈ ಉಜ್ಜುವ ಪಾಠ ಎರಡು ಸಲ ಆಗಿತ್ತು. 20ರಿಂದ 30 ಸೆಕೆಂಡು ಉಜ್ಜಬೇಕು ಎಂದು ಎಲ್ಲರಿಗೂ ಬಾಯಿಪಾಠ. ಆದರೂ ಮಾಡುತ್ತಿರಲಿಲ್ಲ. ಸ್ಯಾನಿಟೈಸರ್ ಬಾಟ್ಲಿ ನರ್ಸಿಂಗ್ ಸ್ಟೇಷನ್‌ನಲ್ಲಿತ್ತು, ಬೆಡ್ ಹತ್ತಿರ ಇರಲಿಲ್ಲ. ಬೆಡ್‌ಗಳ ನಡುವೆ ಬಾಟ್ಲಿ ತೂಗುಹಾಕಿದ ವಾರವೇ ಬದಲಾಯಿತು.

ಈ ಹಂತದಲ್ಲಿ ಫೋನ್ ಮಾತನ್ನೂ ಸೇರಿಸಿಕೊಳ್ಳಿ. ರಾತ್ರಿ ಎರಡು ಗಂಟೆಗೆ "ಸರ್, ಪೇಷಂಟ್ ಸ್ವಲ್ಪ ಡಲ್ ಆಗಿದ್ದಾರೆ" ಎಂದರೆ ನಿದ್ದೆಗಣ್ಣಿನ ಡಾಕ್ಟರ್‌ಗೆ ಏನು ಅರ್ಥವಾದೀತು? ನಾಲ್ಕು ಮಾತು ಕಲಿಸಿ: ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನನಿಸುತ್ತಿದೆ, ನಿಮ್ಮಿಂದ ಏನು ಬೇಕು. ಆಸ್ಪತ್ರೆಗಳಲ್ಲಿ ಎಸ್‌ಬಾರ್ (SBAR) ಎನ್ನುವುದು ಈ ನಾಲ್ಕು ಮಾತಿನ ಕ್ರಮವನ್ನೇ. "ಸರ್, 14ನೇ ಬೆಡ್, ಬಿಪಿ 90/60, ನಾಡಿ 124, ಅರ್ಧ ಗಂಟೆಯಲ್ಲಿ ಎರಡು ಪ್ಯಾಡ್ ನೆನೆದಿದೆ. ಸಿಸೇರಿಯನ್ ಆಗಿ ಆರು ಗಂಟೆ. ರಕ್ತಸ್ರಾವ ಅನಿಸುತ್ತಿದೆ. ನೀವು ಈಗಲೇ ಬರಬೇಕು." ಕೊನೆಯ ವಾಕ್ಯ ಹೇಳಲು ನಮ್ಮ ಹುಡುಗಿಯರಿಗೆ ಧೈರ್ಯ ಬರುವುದಿಲ್ಲ. ಇಬ್ಬಿಬ್ಬರನ್ನು ನಿಲ್ಲಿಸಿ, ಒಬ್ಬರು ಡಾಕ್ಟರ್ ಆಗಿ, ಗಟ್ಟಿಯಾಗಿ ಹೇಳಿಸಿ ಅಭ್ಯಾಸ ಮಾಡಿಸಿ. ಡಾಕ್ಟರ್‌ಗಳಿಗೂ ಮೊದಲೇ ಹೇಳಿಡಿ, ಇಂಥ ಫೋನ್ ಬರುತ್ತದೆ, ಸಿಡುಕಬೇಡಿ ಎಂದು. ಫೋನಿನಲ್ಲಿ ಹೇಳಿದ ಔಷಧಿಯನ್ನು ಬರೆದುಕೊಂಡು ತಿರುಗಿ ಓದಿ ಹೇಳುವುದೂ ಇದರಲ್ಲೇ ಬರಲಿ.

ಹಂತ 6: ಹೊಸಬರ ಮೊದಲ ನಾಲ್ಕು ವಾರ

ಹೊಸ ನರ್ಸ್ ಸೇರಿದ ದಿನವೇ ಯೂನಿಫಾರ್ಮ್ ಕೊಟ್ಟು ವಾರ್ಡಿಗೆ ಬಿಡುವುದು ಬಹಳ ಕಡೆ ನಡೆಯುತ್ತದೆ. ಎರಡನೇ ವಾರಕ್ಕೇ ಒಬ್ಬರೇ ರಾತ್ರಿ ಪಾಳಿ. ಮೂರನೇ ತಿಂಗಳಿಗೆ ರಾಜೀನಾಮೆ.

ಮೊದಲ ವಾರ ಒಬ್ಬ ಹಿರಿಯರ ಜೊತೆಗೇ ಇರಲಿ, ಅದೇ ಪಾಳಿ, ಅದೇ ರಜೆ. ಎರಡನೇ ಮತ್ತು ಮೂರನೇ ವಾರ ಎರಡು ಮೂರು ರೋಗಿಗಳನ್ನು ಹಿರಿಯರ ಕಣ್ಣಳತೆಯಲ್ಲಿ ನೋಡಿಕೊಳ್ಳಲಿ. ನಾಲ್ಕನೇ ವಾರ ರಾತ್ರಿ ಪಾಳಿ, ಆದರೆ ಹೆಚ್ಚುವರಿಯಾಗಿ. ಎಣಿಕೆಗೆ ಸೇರಿಸಬೇಡಿ. ಆಸ್ಪತ್ರೆಯ ಕಸ ವಿಂಗಡಣೆ, ಸೂಜಿ ಚುಚ್ಚಿದರೆ ಏನು ಮಾಡಬೇಕು, ಆಕ್ಸಿಜನ್ ಸಿಲಿಂಡರ್ ಬದಲಾಯಿಸುವುದು, ಎಮರ್ಜೆನ್ಸಿ ಟ್ರಾಲಿಯ ಬೀಗ ಎಲ್ಲಿದೆ, ಇವು ಮೊದಲ ದಿನವೇ ಗೊತ್ತಾಗಬೇಕು. ಸೂಜಿ ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆದು, ಹಿಂಡದೆ, ತಕ್ಷಣ ತಿಳಿಸಬೇಕು. ಎಚ್‌ಐವಿ ತಡೆಯುವ ಔಷಧಿ ಬೇಕಾದರೆ ಆದಷ್ಟು ಬೇಗ ಶುರುವಾಗಬೇಕು, 72 ಗಂಟೆ ದಾಟಬಾರದು. ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಎಂದು ಸೇರುವಾಗಲೇ ಕೇಳಿ, ಆಗಿಲ್ಲದಿದ್ದರೆ ಆಸ್ಪತ್ರೆಯೇ ಹಾಕಿಸಬೇಕು.

ಹಿರಿಯರನ್ನು ಆರಿಸುವಾಗ ಸೇವೆಯ ವರ್ಷ ನೋಡಬೇಡಿ. ಪ್ರಶ್ನೆ ಕೇಳಿದರೆ ಸಿಡಿಮಿಡಿ ಆಗದವರನ್ನು ಆರಿಸಿ. ಆ ನಾಲ್ಕು ವಾರ ಅವರಿಗೆ ಒಬ್ಬಿಬ್ಬರು ರೋಗಿಗಳನ್ನು ಕಡಿಮೆ ಕೊಡಿ.

ಹಂತ 7: ಮುಂದಕ್ಕೆ ಓದಬೇಕು ಎನ್ನುವವರಿಗೆ

ಎಎನ್‌ಎಂ (ಸಹಾಯಕ ನರ್ಸ್ ಮತ್ತು ಮಿಡ್‌ವೈಫ್ ಕೋರ್ಸ್) ಮಾಡಿದವರಿಗೆ ಜಿಎನ್‌ಎಂ ಮಾಡುವ ಆಸೆ, ಮೂರು ವರ್ಷದ ಜಿಎನ್‌ಎಂ ಮುಗಿಸಿದವರಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್‌ಸಿ. ತೀವ್ರ ನಿಗಾ, ನವಜಾತ ಶಿಶು, ತುರ್ತು ಚಿಕಿತ್ಸೆ ಮುಂತಾದವಕ್ಕೆ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಿವೆ. ಸೇರುವ ಮೊದಲು ಕಾಲೇಜಿಗೆ ಭಾರತೀಯ ನರ್ಸಿಂಗ್ ಕೌನ್ಸಿಲ್ ಮತ್ತು ರಾಜ್ಯ ಕೌನ್ಸಿಲ್‌ನ ಮಾನ್ಯತೆ ಇದೆಯಾ ಎಂದು ನೀವೇ ಕೂತು ನೋಡಿಕೊಡಿ. ಕರ್ನಾಟಕದಲ್ಲಿ ಬಿಎಸ್‌ಸಿಯಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪಟ್ಟಿಯನ್ನೂ ನೋಡಿ. "ಕಾಲೇಜಿಗೆ ಬರಬೇಕಾಗಿಲ್ಲ, ಹಾಜರಿ ನಾವು ನೋಡಿಕೊಳ್ಳುತ್ತೇವೆ" ಎನ್ನುವ ಕಡೆಗೆ ಹೋಗಿ ದುಡ್ಡು, ವರ್ಷ ಎರಡನ್ನೂ ಕಳೆದುಕೊಂಡವರನ್ನು ಕಂಡಿದ್ದೇನೆ. ದಯವಿಟ್ಟು ಹೋಗಲು ಬಿಡಬೇಡಿ.

ಆಸ್ಪತ್ರೆ ಶುಲ್ಕದ ಒಂದು ಪಾಲು ಕೊಟ್ಟು, ಓದು ಮುಗಿದ ಮೇಲೆ ಇಂತಿಷ್ಟು ತಿಂಗಳು ಇಲ್ಲೇ ಕೆಲಸ ಮಾಡಬೇಕು ಎಂದು ಒಪ್ಪಂದ ಮಾಡಿಕೊಳ್ಳುವುದು ನ್ಯಾಯವೇ. ಆದರೆ ಮೂಲ ಅಂಕಪಟ್ಟಿ, ನೋಂದಣಿ ಪತ್ರ ಇಟ್ಟುಕೊಳ್ಳಬೇಡಿ. ನೋಡಿ, ಪ್ರತಿ ತೆಗೆದು, ಅದೇ ದಿನ ವಾಪಸ್ ಕೊಡಿ. ಕಾಗದ ಹಿಡಿದಿಟ್ಟುಕೊಂಡ ಕಡೆ ಯಾರೂ ಮನಸ್ಸಿಟ್ಟು ಕಲಿಯುವುದಿಲ್ಲ.

"ಕಲಿಸಿದರೆ ಗಲ್ಫ್‌ಗೆ ಹೋಗಿಬಿಡುತ್ತಾರೆ" ಎಂಬ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. ಕೆಲವರು ಹೋಗುತ್ತಾರೆ. ಅವರು ಇರುವಷ್ಟು ದಿನ ನಿಮ್ಮ ರೋಗಿಗಳನ್ನು ನೋಡಿಕೊಳ್ಳುವುದು ಕಲಿತ ಕೈಯೋ ಕಲಿಯದ ಕೈಯೋ ಎಂಬುದನ್ನು ನೀವೇ ಆರಿಸಬೇಕು.

ಓದುತ್ತಿರುವವರಿಗೆ ಪರೀಕ್ಷೆಯ ವಾರ ರಾತ್ರಿ ಪಾಳಿ ಹಾಕಬೇಡಿ. ಕೈಯಿಂದ ಒಂದು ರೂಪಾಯಿಯೂ ಖರ್ಚಾಗದ ಸಹಾಯ ಇದು.

ಹಂತ 8: ಕಾಗದ

ಪ್ರತಿ ನರ್ಸ್‌ಗೂ ಒಂದು ಹಾಳೆ. ಆರು ಕೌಶಲಕ್ಕೆ ಆರು ಸಾಲು, ಕಲಿತ ದಿನ, ನೋಡಿದ ದಿನ, ನೋಡಿದವರ ಸಹಿ. ಕೌನ್ಸಿಲ್ ನೋಂದಣಿಯ ಸಂಖ್ಯೆ ಮತ್ತು ನವೀಕರಣದ ದಿನಾಂಕ ಅದೇ ಹಾಳೆಯ ಮೇಲ್ಭಾಗದಲ್ಲಿ. ಮುಗಿಯಲು ಆರು ತಿಂಗಳಿದೆ ಎನ್ನುವಾಗಲೇ ನೆನಪಿಸಿ. ಹೊರಗಿನ ಕಾರ್ಯಾಗಾರಕ್ಕೆ ಕಳಿಸುವಾಗ ಅದಕ್ಕೆ ಕೌನ್ಸಿಲ್‌ನ ಕ್ರೆಡಿಟ್ ಗಂಟೆ (ಕೌನ್ಸಿಲ್ ಲೆಕ್ಕಕ್ಕೆ ತೆಗೆದುಕೊಳ್ಳುವ ಕಲಿಕೆಯ ಗಂಟೆ) ಇದೆಯಾ ಎಂದು ಮೊದಲೇ ಕೇಳಿ. ಹೋಗಿ ಬಂದವರು ಹದಿನೈದು ದಿನದೊಳಗೆ ಇಲ್ಲಿ ಒಂದು ಇಪ್ಪತ್ತು ನಿಮಿಷದ ಪಾಠ ಮಾಡಬೇಕು, ಅದು ನಿಯಮ.

ಆಸ್ಪತ್ರೆಯ ಕಸದ ಬಗೆಗಿನ 2016ರ ನಿಯಮದ ಪ್ರಕಾರ, ಸೇರುವಾಗ ಒಮ್ಮೆ ಮತ್ತು ವರ್ಷಕ್ಕೊಮ್ಮೆ ಎಲ್ಲ ಸಿಬ್ಬಂದಿಗೂ ತರಬೇತಿ ಆಗಲೇಬೇಕು. ಆಯಾಗಳನ್ನೂ ಕೂರಿಸಿ, ಚೀಲ ಹೊರುವವರು ಅವರೇ ತಾನೆ. ಇದರ ಹಾಜರಿಯನ್ನು ಬೇರೆ ಪುಟದಲ್ಲಿಡಿ, ತಪಾಸಣೆಗೆ ಬಂದವರು ಕೇಳುತ್ತಾರೆ.

ಬೇರೆ ಫೈಲ್ ಬೇಡ. ಫೋಟೋ ಅಂಟಿಸಿದ ದಪ್ಪ ಫೈಲ್ ಬೆಳೆಯುತ್ತಿದೆ, ಹಾಳೆಗಳಲ್ಲಿ "ನೋಡಿದ ದಿನ" ಖಾಲಿ ಇದೆ ಎಂದರೆ ಕೆಲಸ ಹಳಿ ತಪ್ಪಿದೆ.

ನಿಲ್ಲುತ್ತಿದೆ ಎಂದು ತಿಳಿಯುವುದು ಹೇಗೆ

ಸತತ ಎರಡು ವಾರ ಪಾಠ ಮುಂದಕ್ಕೆ ಹೋದರೆ ಅದೇ ಮೊದಲ ಗುರುತು. ವಾರ್ಡ್ ತುಂಬಿದ್ದಕ್ಕೆ ಹೋಯಿತಾ, ಕಲಿಸುವವರನ್ನು ಬೇರೆ ಕೆಲಸಕ್ಕೆ ಹಾಕಿದ್ದಕ್ಕಾ ನೋಡಿ. ಎರಡನೆಯದಾದರೆ ಅದೇ ದಿನ ಆಡಳಿತದವರ ಹತ್ತಿರ ಮಾತಾಡಿ.

ಪಾಠಕ್ಕೆ ಬಂದವರು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದರೆ, ತಪ್ಪುಗಳ ರಿಜಿಸ್ಟರ್ ಒಂದು ತಿಂಗಳು ಖಾಲಿ ಇದ್ದರೆ, ಯಾರಿಗೋ ಯಾವುದೋ ವಿಷಯಕ್ಕೆ ಬೈಗುಳ ಬಿದ್ದಿದೆ. ಹುಡುಕಿ ಸರಿಪಡಿಸುವ ತನಕ ಹೊಸ ವಿಷಯ ತೆಗೆದುಕೊಳ್ಳಬೇಡಿ.

ಇನ್ನೊಂದು ಕಾರಣಕ್ಕೆ ಒಳ್ಳೆಯ ಕಾರ್ಯಕ್ರಮಗಳೂ ನಿಂತಿವೆ. ನಡೆಸುತ್ತಿದ್ದ ಸಿಸ್ಟರ್ ಹೆರಿಗೆ ರಜೆಗೆ ಹೋದರು, ಅಥವಾ ವರ್ಗಾವಣೆ ಆಯಿತು, ಕಪಾಟಿನ ಬೀಗದ ಕೈ ಅವರ ಹತ್ತಿರವೇ ಉಳಿಯಿತು. ಮೂರನೇ ತಿಂಗಳಿನಿಂದಲೇ ಎರಡನೆಯವರೊಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ನಾಲ್ಕನೇ ಪಾಠ ಅವರೇ ಮಾಡಲಿ, ನೀವು ಹಿಂದೆ ನಿಂತಿರಿ. ಹಾಳೆಗಳು ಎಲ್ಲಿವೆ, ಡಮ್ಮಿ ಯಾವ ಕಾಲೇಜಿನದ್ದು, ಯಾರಿಗೆ ಎಷ್ಟು ಅರ್ಧ ಗಂಟೆ ರಜೆ ಬಾಕಿ ಇದೆ ಎಂಬುದನ್ನು ಒಂದು ಪುಟದಲ್ಲಿ ಬರೆದು ಕಪಾಟಿನ ಒಳಬಾಗಿಲಿಗೆ ಅಂಟಿಸಿ. ಬೀಗದ ಎರಡನೇ ಕೈ ಮಾಡಿಸಿ ಅವರಿಗೆ ಕೊಡಿ.